ಕ್ಲೈಮ್ಯಾಕ್ಸ್ ಮೊದಲು, ರಾಷ್ಟ್ರಗೀತೆ ಆಮೇಲೆ

ಸಿನಿಮಾ ನೋಡುವುದಕ್ಕೂ ಒಂದು ಪದ್ಧತಿ ಇದೆ. ಆಪರೇಷನ್ನಿಗೆ ಮುಂಚೆ ರೋಗಿಯನ್ನು ಹೇಗೆ ಸಿದ್ಧಪಡಿಸುತ್ತಾರೋ ಹಾಗೆಯೇ ಸಿನಿಮಾಕ್ಕೆ ಮುಂಚೆ ಪ್ರೇಕ್ಷಕಿಯನ್ನು ಸಿದ್ಧಪಡಿಸಬೇಕು. ಹೊಟ್ಟೆ ಹಗುರವಾಗಿರಬೇಕು, ಮನಸ್ಸು ಖಾಲಿ ಇರಬೇಕು, ಕಥೆಯ ಒಂದು ಎಳೆಯೂ ಕಿವಿಗೆ ಬಿದ್ದಿರಬಾರದು. ಮುಂಬೈಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿ, ಮೂವತ್ನಾಲ್ಕು ವರ್ಷ ದುಡಿದು, ಮೇಟ್ರನ್ ಆಗಿ ನಿವೃತ್ತಳಾದ ನನಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಾನೇ ಬೇರೆಯವರಿಗೆ ಕಲಿಸಲು ಹೊರಟಿದ್ದೆ.

ಸಿನಿಮಾ ಎಂದರೆ ಎಲ್ಲ ಸಿನಿಮಾ ಅಲ್ಲ. ನಾನು ನೋಡುವುದು ‘ಏಜೆಂಟ್ ಕೇದಾರ್’ ಮಾತ್ರ. ಐದನೆಯದಕ್ಕೆ ಮುಂಚೆ ನಾಲ್ಕು ಭಾಗ ಬಂದಿದ್ದವು, ನಾಲ್ಕನ್ನೂ ಬಿಡುಗಡೆಯ ದಿನವೇ ನೋಡಿದ್ದೆ. ಕೇದಾರ್ ಕಡಿಮೆ ಮಾತಿನವನು, ಅಂಗಿ ಇಸ್ತ್ರಿ ಮಾಡಿರುತ್ತಾನೆ, ಕೊಟ್ಟ ಕೆಲಸ ಮುಗಿಸುತ್ತಾನೆ. ಬಾಂಬು ಸಿಡಿಯಲು ಮೂರು ಸೆಕೆಂಡ್ ಇದ್ದಾಗ ಬಂದು ವೈರ್ ಕತ್ತರಿಸುತ್ತಾನೆ. ನಾನಾಗಿದ್ದರೆ ಅರ್ಧ ಗಂಟೆ ಮೊದಲೇ ಹೋಗಿರುತ್ತಿದ್ದೆ. ಅದೊಂದು ಬಿಟ್ಟರೆ ಆ ಹುಡುಗನಲ್ಲಿ ದೋಷವಿಲ್ಲ.

ನಾಲ್ಕನೆಯ ಭಾಗ ಮುಗಿದದ್ದು ಒಂದು ಕೈಯ ಮೇಲೆ. ಕೇದಾರನ ಇಲಾಖೆಯೊಳಗೇ ಒಬ್ಬ ದ್ರೋಹಿ ಇದ್ದಾನೆ. ಅವನ ಮುಖ ತೋರಿಸುವುದಿಲ್ಲ. ಹಸಿರು ಕಲ್ಲಿನ ಉಂಗುರ ತೊಟ್ಟ ಕೈಯೊಂದು ಫೈಲನ್ನು ಮೆಲ್ಲಗೆ ಮುಚ್ಚುತ್ತದೆ, ಪರದೆ ಕಪ್ಪಾಗುತ್ತದೆ. ಮೂರು ವರ್ಷ ಆ ಕೈ ನನ್ನನ್ನು ಕಾಡಿತು. ಚಪಾತಿ ಲಟ್ಟಿಸುವಾಗಲೂ ಅದೇ ಯೋಚನೆ. ಯಾರದು ಆ ಕೈ?

ನನ್ನ ತನಿಖೆಯ ಪ್ರಕಾರ ಅದು ಇಲಾಖೆಯ ಡಾಕ್ಟರನದು. ಮೂರನೆಯ ಭಾಗದಲ್ಲಿ ಆ ಮನುಷ್ಯ ಸಿರಿಂಜಿನ ಗಾಳಿ ತೆಗೆಯದೆಯೇ ಕೇದಾರನಿಗೆ ಇಂಜೆಕ್ಷನ್ ಚುಚ್ಚಿದ್ದ. ಡಾಕ್ಟರ್ ಆಗಿ ಅಷ್ಟು ಮಾಡದವನು ದೇಶಕ್ಕೆ ಏನು ಮಾಡಿಯಾನು?

ನಮ್ಮ ಯಜಮಾನರ ಅಭಿಪ್ರಾಯ ಬೇರೆ. ಅವರು ಮೈಸೂರಿನವರು, ಬ್ಯಾಂಕಿನಲ್ಲಿದ್ದವರು, ಯಾವುದಕ್ಕೂ ಅವಸರವಿಲ್ಲ. ಅವರ ಪ್ರಕಾರ ದ್ರೋಹಿ ಬೇರಾರೂ ಅಲ್ಲ, ಕೇದಾರನಿಗೆ ತರಬೇತಿ ಕೊಟ್ಟ ಮಾಸ್ಟರ್‌ಜಿ. ಇಡೀ ಸರಣಿಯಲ್ಲಿ ನಾನು ಕೈಮುಗಿಯುವ ಪಾತ್ರ ಅದೊಂದೇ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಾರೆ, ಹಾಸಿಗೆಯ ಚಾದರವನ್ನು ಮೂಲೆ ಹಿಡಿದು ಆಸ್ಪತ್ರೆಯಲ್ಲಿ ಮಡಿಸುವ ಹಾಗೆಯೇ ಮಡಿಸುತ್ತಾರೆ.

“ಅದೇ ಕಣೇ ಅನುಮಾನ,” ಎನ್ನುತ್ತಿದ್ದರು ನಮ್ಮವರು. “ಅಷ್ಟೊಂದು ಶಿಸ್ತಿನ ಮನುಷ್ಯರನ್ನ ನಂಬಬಾರದು.”

“ನನ್ನ ನೋಡಿಕೋತ ಯಾಕ ಹೇಳ್ತೀರಿ?” ಎಂದು ಕೇಳಿದರೆ ಪೇಪರಿನ ಹಿಂದೆ ಮರೆಯಾಗುತ್ತಿದ್ದರು.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ, ಕುರ್ಲಾದ ಈ ಬಿಲ್ಡಿಂಗಿಗೆ ಬಂದು ಎಷ್ಟೋ ವರ್ಷಗಳಾದರೂ ನನ್ನ ಮಾತು ಅಲ್ಲಿಯದೇ. ನಮ್ಮವರದು ಮೈಸೂರಿನದು. ಎರಡೂ ಸೇರಿದ ಈ ಕನ್ನಡ, ಮನೆಯಿಂದ ಹೊರಗೆ ನಮಗೆ ಗುಪ್ತ ಭಾಷೆ ಇದ್ದಂತೆ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಮಾರುವವನ ಮುಂದೆಯೇ “ಹುಳಾ ಅದಾವ, ಬ್ಯಾಡ್ರಿ” ಎನ್ನಬಹುದು. ಲೋಕಲ್ ರೈಲಿನಲ್ಲಿ ಎದುರಿಗೆ ಕೂತವಳ ರವಿಕೆಯ ಬಗ್ಗೆ ಅವಳ ಮುಖ ನೋಡುತ್ತಲೇ ಚರ್ಚಿಸಬಹುದು. ಕೇದಾರನಿಗೂ ಇಷ್ಟು ಒಳ್ಳೆಯ ಸಂಕೇತ ಭಾಷೆ ಇರಲಿಲ್ಲ.

ಐದನೆಯ ಭಾಗದ ಬಿಡುಗಡೆ ಶುಕ್ರವಾರ ಎಂದು ಗೊತ್ತಾದ ದಿನವೇ ನಾನು ಸಿದ್ಧತೆಗೆ ಇಳಿದೆ. ಟಿಕೆಟ್ ತೆಗೆಯುವ ಹೊಣೆ ಬಾಂದ್ರಾದಲ್ಲಿರುವ ಮೊಮ್ಮಗಳು ಅನಘಾಳದು. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಕೈ ಹಿಡಿಯುತ್ತದೆ.

“ಅಜ್ಜಿ, ಸಾಡೇ ಸಾತ್ ಕಾ ಶೋ ಇದೆ, ಸಬ್ಸೆ ಪೆಹಲಾ. ಮಾಡ್ಲಾ?”

“ಏಳೂವರೆಗೆ ನಾ ಬಿ.ಪಿ. ಗುಳಿಗಿ ತಗೊಂಡು ಸ್ನಾನಕ್ಕ ಹೋಗೂ ಹೊತ್ತು.”

“ಒಂದ್ ದಿನ ಲೇಟ್ ಸ್ನಾನ ಮಾಡಿದ್ರೆ ಕ್ಯಾ ಹೋಗಾ?”

ಇಂಥ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಹತ್ತೂ ಕಾಲಿನ ಶೋಗೆ ಟಿಕೆಟ್ ಆಯಿತು. ನಾಲ್ಕನೆಯ ಸ್ಕ್ರೀನ್, ಎಫ್ ಹನ್ನೊಂದು ಮತ್ತು ಹನ್ನೆರಡು. ಫೋನಿನಲ್ಲಿದ್ದರೆ ನಂಬಿಕೆ ಇಲ್ಲವೆಂದು ಕಾಗದದಲ್ಲಿ ಅಚ್ಚು ಹಾಕಿಸಿಕೊಂಡೆ. ಮೇಲಿನ ಮಹಡಿಯ ವಸಂತಿಯವರೂ ಗಂಡನ ಜೊತೆ ಅದೇ ಶೋಗೆ ಬರುವೆನೆಂದಾಗ ಅವರಿಗೂ ಅನಘಾಳೇ ತೆಗೆದುಕೊಟ್ಟಳು, ನಮಗಿಂತ ಎರಡು ಸಾಲು ಹಿಂದೆ.

ಆ ವಸಂತಿಯವರೇ ನನ್ನ ಭಯದ ಮೂಲವಾದರು. ಅವರು ಉಡುಪಿ ಕಡೆಯವರು, ಮಗ ದುಬೈಯಲ್ಲಿದ್ದಾನೆ. ಗಲ್ಫಿನಲ್ಲಿ ಸಿನಿಮಾ ಒಂದು ದಿನ ಮೊದಲು ಬಿಡುಗಡೆಯಾಗುತ್ತದಂತೆ. ಅಂದರೆ ಗುರುವಾರ ಸಂಜೆಗೆ ಆ ಮಗನಿಗೆ ಕೈ ಯಾರದೆಂದು ಗೊತ್ತಾಗುತ್ತದೆ. ಅವನು ದಿನವೂ ತಾಯಿಗೆ ಫೋನ್ ಮಾಡುತ್ತಾನೆ. ತಾಯಿ ದಿನವೂ ಲಿಫ್ಟಿನಲ್ಲಿ ನನಗೆ ಸಿಗುತ್ತಾರೆ. ಸೋಂಕು ಹರಡುವ ದಾರಿ ನನಗೆ ಕಣ್ಣಿಗೆ ಕಟ್ಟಿದಂತೆ ಕಾಣಿಸಿತು.

ಅವರ ಮನೆಗೆ ಹೋದೆ. “ವಸಂತಿ, ಬುಧವಾರದಿಂದ ಸಿನಿಮಾ ನೋಡೂತನಕ ಮಗನ ಜೋಡಿ ಮಾತಾಡಬ್ಯಾಡ್ರಿ.”

“ಎಂತದ್ದು ಸಿಸ್ಟರ್? ಮಗನತ್ರ ಮಾತಾಡದೆ ಇರ್ಲಿಕ್ಕೆ ಆಗ್ತದಾ?”

“ಎರಡ ದಿನದ ಮಾತು.”

“ಅವ ಊಟ ಮಾಡಿದನಾ ಅಂತ ಆದ್ರೂ ಕೇಳ್ಬಹುದಲ್ಲ ಮಾರಾಯ್ರೆ.”

“ಊಟದಿಂದ ಶುರು ಆಗಿ ಸಿನಿಮಾಕ್ಕ ಬರ್ತದ.”

ವಸಂತಿ ಪಾಪ, ಒಪ್ಪಿಕೊಂಡರು. ಒಪ್ಪದೆ ಏನು ಮಾಡುತ್ತಾರೆ? ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಇಡೀ ಬಿಲ್ಡಿಂಗಿನ ಬಿ.ಪಿ. ನೋಡುವವಳು ನಾನು. ಸೊಸೈಟಿಯ ಬೋರ್ಡಿನಲ್ಲಿ ಸೂಚನೆಯನ್ನೂ ಅಂಟಿಸಿದೆ: ಸದರಿ ಚಿತ್ರದ ಕಥೆಯನ್ನಾಗಲಿ, ಅಂತ್ಯವನ್ನಾಗಲಿ ಯಾವುದೇ ರೀತಿಯಲ್ಲಿ ಬಹಿರಂಗಪಡಿಸಿದವರ ಬಿ.ಪಿ.ಯನ್ನು ಒಂದು ತಿಂಗಳು ನೋಡಲಾಗುವುದಿಲ್ಲ. ಕೆಳಗೆ ಸಹಿ ಹಾಕಿದೆ. ಮರಾಠಿಯಲ್ಲೂ ಬರೆದೆ, ಯಾರೂ ಗೊತ್ತಿರಲಿಲ್ಲ ಎನ್ನಬಾರದು.

ಗುರುವಾರ ನನ್ನನ್ನು ನಾನೇ ಐಸೊಲೇಷನ್‌ನಲ್ಲಿ ಇಟ್ಟುಕೊಂಡೆ. ಟಿ.ವಿ. ಬಂದ್. ನನ್ನ ಫೋನನ್ನು ಆಫ್ ಮಾಡಿ ನಮ್ಮವರ ಕಪಾಟಿನಲ್ಲಿಟ್ಟು ಬೀಗ ಹಾಕಿಸಿದೆ. ಪೇಪರಿನ ಸಿನಿಮಾ ಪುಟವನ್ನು ನಮ್ಮವರು ಕತ್ತರಿಸಿ ತೆಗೆದ ಮೇಲೆಯೇ ಉಳಿದದ್ದನ್ನು ಓದಿದೆ. ಅದರ ಹಿಂದಿನ ಪುಟದಲ್ಲಿದ್ದ ಪದಬಂಧವೂ ಹೋಯಿತು. ತ್ಯಾಗ ಎಂದರೆ ತ್ಯಾಗ.

ಶುಕ್ರವಾರ ಗುಳಿಗೆ, ಸ್ನಾನ, ಪೂಜೆ, ಉಪ್ಪಿಟ್ಟು, ಎಲ್ಲವೂ ಅದದರ ಸಮಯಕ್ಕೆ ಮುಗಿದವು. ಒಂಬತ್ತೂ ಕಾಲಿಗೆ ಮಾಲ್‌ನಲ್ಲಿದ್ದೆವು. ನಮ್ಮವರು ಕಾಫಿ ಕುಡಿದರು. ಐದು ನಿಮಿಷದ ಕಾಫಿಗೆ ಅವರು ಅರ್ಧ ಗಂಟೆ ತೆಗೆದುಕೊಂಡರು. ಆಮೇಲೆ ಪಾಪ್‌ಕಾರ್ನ್ ಬೇಕೆಂದು ಸಾಲಿನಲ್ಲಿ ನಿಂತರು. ಗಡಿಯಾರ ಹತ್ತು ತೋರಿಸುತ್ತಿತ್ತು. ಹಿಂದಿನ ಪಾಳಿಯವರು ಹೊರಡುವ ಮೊದಲೇ ವಾರ್ಡಿನಲ್ಲಿ ಕಾಲಿಟ್ಟು ಚಾರ್ಜ್ ತೆಗೆದುಕೊಂಡು ಅಭ್ಯಾಸವಾದ ನನಗೆ ಆ ಸಾಲು ಸಹಿಸಲು ಆಗಲಿಲ್ಲ.

“ನಾ ಒಳಗ ಹೋಗಿ ಕುಂದರ್ತೀನಿ. ನೀವು ನಿಮ್ಮ ಟಿಕೆಟ್ ತೋರಿಸಿ ಬರ್ರಿ.”

“ಇನ್ನೂ ಕಾಲು ಗಂಟೆ ಇದೆಯಲ್ಲೇ.”

“ಕಾಲು ಗಂಟೆ ‘ಇನ್ನೂ’ ಅಲ್ಲರಿ, ‘ಬರೇ’.”

ಟಿಕೆಟ್ ನೋಡುವವನು ನಿಂತಿರುವುದು ಹೊರಬಾಗಿಲಲ್ಲಿ ಮಾತ್ರ. ಅಲ್ಲಿಂದ ಒಳಗೆ ಹೋದರೆ ಉದ್ದನೆಯ ಓಣಿ, ಎರಡೂ ಕಡೆ ಆರು ಸ್ಕ್ರೀನುಗಳ ಬಾಗಿಲು. ನಾಲ್ಕನೆಯದನ್ನು ಹುಡುಕುತ್ತ ನಡೆದವಳಿಗೆ ಥಟ್ಟನೆ ಸಂಗೀತ ಕೇಳಿಸಿತು. ಕೇದಾರನ ಸಂಗೀತ! ಅದೇ ನಗಾರಿ, ಅದೇ ಕೊಳಲು. ಶುರುವಾಗಿಬಿಟ್ಟಿದೆ!

ಇಲ್ಲಿ ನನ್ನ ಕಸುಬಿನ ಒಂದು ಗುಣ ಹೇಳಬೇಕು. ವಾರ್ಡಿನಲ್ಲಿ ನರಳುವ ಸದ್ದು ಕೇಳಿದರೆ ನಾವು ಮೊದಲು ಸದ್ದು ಬಂದ ಕಡೆ ಓಡುತ್ತೇವೆ, ಹಾಸಿಗೆಯ ನಂಬರನ್ನು ಆಮೇಲೆ ನೋಡುತ್ತೇವೆ. ನಾನು ಓಡಿದೆ. ಬಾಗಿಲು ತಳ್ಳಿದೆ. ನಂಬರನ್ನು ಆಮೇಲೆಯೂ ನೋಡಲಿಲ್ಲ.

ಒಳಗೆ ಕತ್ತಲು. ಪರದೆಯ ಮೇಲೆ ಕೇದಾರ್ ಒಂದು ಅಣೆಕಟ್ಟಿನ ಮೇಲೆ ಓಡುತ್ತಿದ್ದಾನೆ. ನನ್ನ ಕೈಗಡಿಯಾರದಲ್ಲಿ ಹತ್ತು ಗಂಟೆ ಎರಡು ನಿಮಿಷ. ಹದಿಮೂರು ನಿಮಿಷ ಮೊದಲೇ ಸಿನಿಮಾ ಆರಂಭಿಸಿದ್ದಾರೆ! ಸಿಟ್ಟು ಬರಲಿಲ್ಲ, ಗೌರವ ಬಂತು. ಈ ದೇಶದಲ್ಲಿ ನನಗಿಂತ ಮೊದಲು ಕೆಲಸಕ್ಕೆ ಇಳಿಯುವವರು ಕೊನೆಗೂ ಸಿಕ್ಕಿದರು ಅನ್ನಿಸಿತು.

ಪುಣ್ಯಕ್ಕೆ ಎಫ್ ಹನ್ನೊಂದು, ಹನ್ನೆರಡು ಖಾಲಿ ಇದ್ದವು. ಆದರೆ ಒಂದು ಕೊರಗು. ಇಲ್ಲಿ ಸಿನಿಮಾಕ್ಕೆ ಮುಂಚೆ ರಾಷ್ಟ್ರಗೀತೆ ಹಾಕುತ್ತಾರೆ, ಅದು ನನಗೆ ತಪ್ಪಿತ್ತು. ಬಾಕಿ ಉಳಿಸಿಕೊಂಡು ಕೂರುವವಳು ನಾನಲ್ಲ. ಸೀಟಿನ ಮುಂದೆ ನೆಟ್ಟಗೆ ನಿಂತು, ಮನಸ್ಸಿನಲ್ಲೇ ರಾಷ್ಟ್ರಗೀತೆ ಆರಂಭಿಸಿದೆ.

“ಅಹೋ ಮಾವಶಿ, ಖಾಲೀ ಬಸಾ ನಾ!” ಎಂದರು ಹಿಂದಿನಿಂದ ಯಾರೋ.

ಗೀತೆಯ ನಡುವೆ ಕುಳಿತುಕೊಳ್ಳುವುದುಂಟೆ? ಕೊನೆಯ ‘ಜಯ ಹೇ’ವರೆಗೂ ನಿಂತೆ. ಹಿಂದಿನ ಸಾಲಿನವರು ಅಷ್ಟು ಹೊತ್ತು ಕೇದಾರನ ಬದಲು ನನ್ನ ಬೆನ್ನನ್ನು ನೋಡಿದರು.

ಕುಳಿತು ನೋಡಿದರೆ ಅಣೆಕಟ್ಟಿನ ತುದಿಯಲ್ಲಿ ಮಾಸ್ಟರ್‌ಜಿ ನಿಂತಿದ್ದಾರೆ. ಮೆಲ್ಲಗೆ ಕೈಗವಸು ತೆಗೆದರು. ಹಸಿರು ಕಲ್ಲಿನ ಉಂಗುರ!

ನಾನು ನಕ್ಕೆ. ಈ ಸರಣಿಯನ್ನು ಬಲ್ಲವರಿಗೆ ಗೊತ್ತು, ಪ್ರತಿ ಭಾಗವೂ ಒಂದು ದೊಡ್ಡ ಹೊಡೆದಾಟದ ನಡುವೆಯೇ ತೆರೆಯುತ್ತದೆ, ಹೆಸರುಗಳು ಬರುವುದು ಆಮೇಲೆ. ಎರಡನೆಯ ಭಾಗದಲ್ಲಂತೂ ಕೇದಾರ್ ಸತ್ತೇ ಹೋಗಿದ್ದ, ನೋಡಿದರೆ ಅದು ತರಬೇತಿಯ ಅಣಕು ಪ್ರದರ್ಶನ. ಇದೂ ಅಂಥದ್ದೇ, ಅಥವಾ ಕೇದಾರನಿಗೆ ಬಿದ್ದ ಕೆಟ್ಟ ಕನಸು. ಪಕ್ಕದ ಎಫ್ ಹತ್ತರಲ್ಲಿದ್ದ ತರುಣ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದ. ಹೊಸಬ ಇರಬೇಕು ಪಾಪ. ಅವನ ಭುಜ ತಟ್ಟಿ, “ಫಿಕರ್ ಮತ್ ಕರೋ ಬೇಟಾ, ಯೇ ತೋ ಶುರುವಾತ್ ಹೈ” ಎಂದು, ಇದಿನ್ನೂ ಆರಂಭವೆಂದು ಸಮಾಧಾನ ಹೇಳಿದೆ.

ಅವನು ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

ಮಾಸ್ಟರ್‌ಜಿ ದೀರ್ಘ ಭಾಷಣ ಮಾಡಿದರು, ಕೇದಾರ್ ಅತ್ತ, ಹೊಡೆದಾಡಿದರು, ಮಾಸ್ಟರ್‌ಜಿ ನೀರಿಗೆ ಬಿದ್ದರು. ಕೇದಾರ್ ಅಣೆಕಟ್ಟಿನ ಮೇಲಿಂದ ಒಂದು ಸೆಲ್ಯೂಟ್ ಹೊಡೆದ. ಹೆಸರುಗಳು ಬರತೊಡಗಿದವು. ಇನ್ನು ನಿಜವಾದ ಕಥೆ ಎಂದುಕೊಂಡು ಸೆರಗು ಸರಿಪಡಿಸಿ, ಚೀಲದಲ್ಲಿ ಬಚ್ಚಿಟ್ಟು ತಂದಿದ್ದ ಚಕ್ಕುಲಿಯ ಡಬ್ಬಿ ತೆರೆದೆ.

ಜನ ಏಳತೊಡಗಿದರು. ದೀಪ ಹತ್ತಿತು. ಹೆಸರು ಬರುವಾಗಲೇ ಎದ್ದು ತಿರುಗಾಡುವ ಇವರಿಗೆ ಶಿಸ್ತು ಕಲಿಸಿದವರು ಯಾರು ಎಂದು ಯೋಚಿಸುತ್ತ ಚಕ್ಕುಲಿ ಮುರಿದೆ. ನೋಡುನೋಡುತ್ತ ಹಾಲ್ ಖಾಲಿಯಾಯಿತು. ಪೊರಕೆ ಹಿಡಿದ ಹೆಂಗಸೊಬ್ಬಳು ನನ್ನ ಸಾಲಿಗೆ ಬಂದು ನಿಂತಳು.

“ಮಾವಶಿ, ಪಿಕ್ಚರ್ ಸಂಪ್ಲಾ.”

ಮುಗಿಯಿತೇ? ಇಪ್ಪತ್ತೈದು ನಿಮಿಷಕ್ಕೆ? ಇಂಟರ್‌ವಲ್ ಕೂಡ ಇಲ್ಲದೆ? ಮೂರು ವರ್ಷ ಕಾಯಿಸಿ ಇಷ್ಟೇ ತೋರಿಸುವುದೆಂದರೆ ಇದು ಮೋಸ. ಡಬ್ಬಿ ಮುಚ್ಚಿ ನೇರವಾಗಿ ಮ್ಯಾನೇಜರ್ ಬಳಿಗೆ ಹೋಗಿ ಆಕ್ಷೇಪಣೆ ದಾಖಲಿಸಿದೆ. ಆತ ಕಾಗದ ನೋಡಿದ, ನನ್ನನ್ನು ನೋಡಿದ, ಮತ್ತೆ ಕಾಗದ ನೋಡಿದ.

“ಮ್ಯಾಡಮ್, ಆಪ್ ಕಾ ಸ್ಕ್ರೀನ್ ಚಾರ್ ಹೈ. ಆಪ್ ಪಾಂಚ್ ಸೇ ಆ ರಹೀ ಹೈಂ. ವಹಾಂ ಸಾಡೇ ಸಾತ್ ಕಾ ಶೋ ಥಾ.”

ನನ್ನದು ನಾಲ್ಕನೆಯ ಸ್ಕ್ರೀನು, ನಾನು ಹೊರಬಂದದ್ದು ಐದರಿಂದ. ಏಳೂವರೆಯ ಶೋ. ನಾನು ಸ್ನಾನಕ್ಕಾಗಿ ಬಿಟ್ಟುಕೊಟ್ಟ ಅದೇ ಶೋ. ಅಂದರೆ ನಾನು ನೋಡಿದ್ದು ಆರಂಭವಲ್ಲ. ಅಂದರೆ ಅದು ಕನಸಲ್ಲ. ಅಂದರೆ ಮಾಸ್ಟರ್‌ಜಿ… ಫೋನ್ ಕಪಾಟಿನಲ್ಲಿಟ್ಟೆ, ಪದಬಂಧ ಬಿಟ್ಟೆ, ಒಬ್ಬ ತಾಯಿಯನ್ನು ಮಗನಿಂದ ದೂರವಿಟ್ಟೆ. ಇಷ್ಟೆಲ್ಲ ಮಾಡಿ, ಮೂರು ವರ್ಷ ಕಾಪಾಡಿಕೊಂಡ ಗುಟ್ಟನ್ನು ನನ್ನ ಕಾಲಿನಿಂದಲೇ ನಡೆದುಹೋಗಿ ನೋಡಿ ಬಂದಿದ್ದೆ, ಅದೂ ಚಕ್ಕುಲಿ ತಿನ್ನುವಷ್ಟು ನೆಮ್ಮದಿಯಿಂದ.

ನಾಲ್ಕನೆಯ ಸ್ಕ್ರೀನಿಗೆ ಹೋದಾಗ ಸಿನಿಮಾ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ರಾಷ್ಟ್ರಗೀತೆ ಎರಡನೆಯ ಸಲ ತಪ್ಪಿತ್ತು. ಈ ಸಲ ನಿಲ್ಲುವ ಚೈತನ್ಯ ಇರಲಿಲ್ಲ.

“ಎಲ್ಲಿಗೆ ಹೋಗಿದ್ದೆ? ನಿನ್ನ ಹತ್ರ ಫೋನೂ ಇಲ್ಲ. ನನಗೆ ಪಾಪ್‌ಕಾರ್ನ್ ಗಂಟಲಲ್ಲಿ ಇಳೀಲಿಲ್ಲ,” ಎಂದರು ನಮ್ಮವರು. ಡಬ್ಬ ಮುಕ್ಕಾಲು ಖಾಲಿಯಾಗಿತ್ತು.

“ಏನಿಲ್ಲರಿ, ದಾರಿ ತಪ್ಪಿತು,” ಎಂದೆ. ಗುಟ್ಟನ್ನು ಎದೆಯಲ್ಲೇ ಇಟ್ಟುಕೊಳ್ಳಲು ತೀರ್ಮಾನಿಸಿದೆ. ನನ್ನದು ಹಾಳಾಯಿತು, ಬೇರೆಯವರದಾದರೂ ಉಳಿಯಲಿ. ಕೇದಾರ್ ಆಗಿದ್ದರೂ ಹೀಗೆಯೇ ಮಾಡುತ್ತಿದ್ದ.

ಪರದೆಯ ಮೇಲೆ ಮಾಸ್ಟರ್‌ಜಿ ಬಂದರು. ಚಾದರದ ಮೂಲೆ ಹಿಡಿದು ಮಡಿಸಿದರು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈ ಉರಿಯಿತು. ಅಣೆಕಟ್ಟಿನಿಂದ ಬಿದ್ದ ಮನುಷ್ಯ ಕಣ್ಣೆದುರೇ ಚಹಾ ಸೋಸುತ್ತಿದ್ದಾನೆ. ನನ್ನ ತಲೆಯಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಎಂಬುದೇ ಕಲಸಿಹೋಯಿತು.

ಅದೇ ಹೊತ್ತಿಗೆ ನಮ್ಮವರು ನನ್ನ ಕಡೆ ಬಾಗಿದರು. “ಬಂದ್ರು ನೋಡು ನಿನ್ನ ಗುರುಗಳು. ಉಂಗುರದವನು ಇವನೇ ಕಣೇ. ಬೇಕಾದ್ರೆ ಬರೆದಿಟ್ಕೋ.”

“ಸುಮ್ಕಿರ್ರಿ.”

“ಇಷ್ಟು ನೀಟಾಗಿ ಚಾದರ ಮಡಿಸೋನು ಒಳ್ಳೆಯವನಾಗಿರಕ್ಕೆ ಸಾಧ್ಯವೇ ಇಲ್ಲ.”

“ಸುಮ್ಕಿರ್ರಿ ಅಂದೆ.”

“ನಿನಗೆ ಶಿಸ್ತು ಅಂದ್ರೆ ಸಾಕು, ಕಳ್ಳನಿಗೂ ಕೈ ಮುಗೀತೀಯ.”

ಮೂರು ವರ್ಷದ ಚಪಾತಿ, ಒಂದು ದಿನದ ಪದಬಂಧ, ಎರಡು ರಾಷ್ಟ್ರಗೀತೆ, ಎಲ್ಲವೂ ಒಟ್ಟಿಗೆ ಗಂಟಲಿಗೆ ಬಂದವು. “ಹೌದರೀ, ಅವನ! ಉಂಗುರ ಅವನ ಕೈಯಾಗನ ಅದ. ಕಡೀಕ ಡ್ಯಾಮಿನ ಮ್ಯಾಲಿಂದ ಬಿದ್ದು ಸಾಯ್ತಾನ. ನಾ ಈಗ ಬಾಜೂ ಹಾಲಿನ್ಯಾಗ ಕಣ್ಣಾರೆ ನೋಡಿ ಬಂದೀನಿ. ಇನ್ನರೆ ಬಾಯಿ ಮುಚ್ಚಿಕೊಂಡು ಕುಂದರ್ರಿ!”

ಕನ್ನಡದಲ್ಲಿ ಹೇಳಿದ್ದರಿಂದ ಅಪಾಯವಿಲ್ಲ ಎಂದುಕೊಂಡೆ. ಆದರೆ ನನ್ನ ದನಿ ನಲವತ್ತು ಹಾಸಿಗೆಯ ವಾರ್ಡಿನ ಈ ತುದಿಯಿಂದ ಆ ತುದಿಗೆ ಮುಟ್ಟಲೆಂದೇ ಪಳಗಿದ ದನಿ.

ಮೂರೇ ಸೆಕೆಂಡ್. ಆಮೇಲೆ ಮುಂದಿನ ಸಾಲಿನಲ್ಲಿ ಆರು ತಲೆಗಳು ಒಟ್ಟಿಗೆ ತಿರುಗಿದವು.

“ಯವ್ವಾ, ಇದೇನ ಮಾಡಿದಿ?” ಎಂದ ಅದರಲ್ಲೊಬ್ಬ. “ರಜಾ ಹಾಕಿ ಬಂದೀವಲ್ಲಬೇ.”

ವಿಜಯಪುರದ ಕಡೆಯವರು, ಬಿಲ್ಡಿಂಗ್ ಕಟ್ಟುವ ಕೆಲಸಕ್ಕೆ ಬಂದವರು. ಮಾತಿನಲ್ಲೇ ಗೊತ್ತಾಯಿತು. ನನ್ನ ಗುಪ್ತ ಭಾಷೆ ಅವರಿಗೆ ತಾಯಿಭಾಷೆ.

“ಆಂಟಿ ಕ್ಯಾ ಬೋಲೀ?” ಎಂದು ಅವರ ಪಕ್ಕದವನು ಕೇಳಿದ. ರಜಾ ಹಾಕಿ ಬಂದಿದ್ದ ಆ ಪ್ರಾಮಾಣಿಕ ಮನುಷ್ಯ ಒಂದು ಅಕ್ಷರವೂ ಬಿಡದೆ ಹಿಂದಿಗೆ ಅನುವಾದ ಮಾಡಿದ. ಹಿಂದಿಯಿಂದ ಅದು ಮರಾಠಿಗೆ ಹೋಯಿತು. ಗೋಡೆಯ ಪಕ್ಕದಲ್ಲಿ ಗುಜರಾತಿಯೂ ಕೇಳಿಸಿತು. ಸಾಲಿನಿಂದ ಸಾಲಿಗೆ “ಅರೇ ಯಾರ್” ಎಂಬ ನಿಟ್ಟುಸಿರು ಸಾಗಿ, ಮೇಲಿನ ಕೊನೆಯ ಸಾಲನ್ನು ಮುಟ್ಟಿತು. ಸೊಸೈಟಿಯ ಬೋರ್ಡಿನಲ್ಲಿ ನಾನು ಎರಡೇ ಭಾಷೆಯಲ್ಲಿ ಬರೆದಿದ್ದೆ.

ಎರಡು ಸಾಲು ಹಿಂದಿನಿಂದ ಪರಿಚಿತ ದನಿ ಕೇಳಿಸಿತು.

“ಸಿಸ್ಟರ್.”

ನಾನು ತಿರುಗಲಿಲ್ಲ.

“ನಿನ್ನೆ ಅವನ ಫೋನ್ ನಾಲ್ಕು ಸಲ ಬಂತು ಗೊತ್ತುಂಟಾ? ನಾನು ತೆಗೀಲಿಲ್ಲ. ನೀವು ಹೇಳಿದ್ದೀರಿ ಅಂತ.”

ವಸಂತಿ ಅಷ್ಟೇ ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಇಂಟರ್‌ವಲ್‌ನಲ್ಲಿ ನಾನು ಸೀಟಿನಿಂದ ಏಳಲಿಲ್ಲ. ಮುಂದಿನ ಸಾಲಿನ ಆರು ಮಂದಿಗೆ ಚಕ್ಕುಲಿಯ ಡಬ್ಬಿ ಕೊಟ್ಟೆ. ತೆಗೆದುಕೊಂಡರು, ಆದರೆ ನಗಲಿಲ್ಲ. ಸಿನಿಮಾ ಮುಂದುವರಿಯಿತು. ಡಾಕ್ಟರ್ ಕೊನೆಯವರೆಗೂ ನಿರಪರಾಧಿಯಾಗಿಯೇ ಉಳಿದ, ಅವನಿಗೆ ಸಿರಿಂಜ್ ಹಿಡಿಯಲು ಬರುತ್ತಿರಲಿಲ್ಲ, ಅಷ್ಟೇ. ಅಣೆಕಟ್ಟಿನ ಮೇಲೆ ಕೈಗವಸು ತೆಗೆಯುವಾಗ ಇಡೀ ಹಾಲಿನಲ್ಲಿ ಯಾರೂ ಉಸಿರು ಬಿಗಿಹಿಡಿಯಲಿಲ್ಲ. ಒಬ್ಬರು ಆಕಳಿಸಿದ್ದು ಕೇಳಿಸಿತು.

ಮನೆಗೆ ಬಂದವಳೇ ವಸಂತಿಯವರ ಮನೆಯ ಬೆಲ್ ಒತ್ತಿದೆ. ಅವರು ಬಾಗಿಲು ತೆರೆದರು, ಕಿವಿಯಲ್ಲಿ ಫೋನ್ ಇತ್ತು, ಮಗನ ಜೊತೆ ಮಾತು ನಡೆದಿತ್ತು. “ಹೌದು ಮಗಾ, ಸತ್ತೇ ಹೋಗ್ತಾನೆ, ಸಿಸ್ಟರ್ ಮೊದಲೇ ಹೇಳಿದ್ರು,” ಎನ್ನುತ್ತಿದ್ದರು. ನಾನು ಕೈಮುಗಿದೆ. ಅವರು ಫೋನಿನ ಮೇಲೆ ಕೈಯಿಟ್ಟು, “ಆಯ್ತು ಬಿಡಿ ಮಾರಾಯ್ರೆ. ಊಟ ಮಾಡಿದ್ನಂತೆ,” ಎಂದರು. ಕ್ಷಮೆ ಸಿಕ್ಕಿತು ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಮೇಜಿನ ಮೇಲೆ ಬಿ.ಪಿ. ಯಂತ್ರ ಇಟ್ಟು ಕುಳಿತೆ. ಮೊದಲು ಬಂದವರು ವಸಂತಿ. ಕೈಯಲ್ಲಿ ಬೋರ್ಡಿನಿಂದ ಬಿಡಿಸಿಕೊಂಡು ಬಂದ ನನ್ನದೇ ಸೂಚನೆಯ ಕಾಗದ. ಹಿಂದೆ ಬಿಲ್ಡಿಂಗಿನ ಏಳೆಂಟು ಮಂದಿ.

“ಸಿಸ್ಟರ್, ಇದರಲ್ಲಿ ನಿಮ್ಮದೇ ಸಹಿ ಉಂಟು. ಬಹಿರಂಗಪಡಿಸಿದವರ ಬಿ.ಪಿ. ಒಂದು ತಿಂಗಳು ನೋಡ್ಲಿಕ್ಕಿಲ್ಲ. ನಮ್ಮದು ನೋಡಿ. ನಿಮ್ಮದು ನೀವು ನೋಡ್ಕೊಳ್ಬಾರ್ದು.”

ನಿಯಮವೆಂದರೆ ನಿಯಮ. ಎಲ್ಲರದೂ ನೋಡಿದೆ. ಎಲ್ಲರದೂ ಸರಿಯಾಗಿತ್ತು. ನನ್ನದು ಸರಿಯಿಲ್ಲ ಎಂದು ಯಂತ್ರವಿಲ್ಲದೆಯೂ ತಿಳಿಯುತ್ತಿತ್ತು. ಎಲ್ಲರೂ ಹೋದ ಮೇಲೆ ನಮ್ಮವರನ್ನು ಮೆಲ್ಲಗೆ ಕರೆದೆ.

“ರೀ, ನಾ ನೋಡಿಕೊಳ್ಳೂ ಹಂಗಿಲ್ಲ. ನೀವರೆ ನೋಡ್ರಿ.”

ಅವರು ಪೇಪರ್ ಮಡಿಸಿಟ್ಟು, ಅವಸರವಿಲ್ಲದೆ ಬಂದು, ಪಟ್ಟಿಯನ್ನು ನನ್ನ ತೋಳಿಗೆ ತಲೆಕೆಳಗಾಗಿ ಸುತ್ತಿದರು. ನಾನು ತಿದ್ದಲಿಲ್ಲ. ಯಂತ್ರ ಗುಂಯ್ ಎಂದಿತು, ನಿಂತಿತು. ಅವರು ಅದನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು.

“ಎಷ್ಟದರಿ?”

“ಹೇಳಲ್ಲ ಕಣೇ,” ಎಂದರು. “ಮೊದಲೇ ಗೊತ್ತಾಗಿಬಿಟ್ರೆ ನಿನಗೆ ಮಜಾ ಇರಲ್ಲ.”